ಡ್ರ್ಯಾಗ್ ರೇಸಿಂಗ್‌ನಲ್ಲಿ ಇನ್‌ಟೇಕ್ ಗಾಳಿಯ ಶೀತಲೀಕರಣ

ಕಾರಿನ ಎಂಜಿನ್ ಇಂಧನವನ್ನು ಉರಿಸಲು ಹೊರಗಿನಿಂದ ಎಳೆದುಕೊಳ್ಳುವ ಗಾಳಿಗೆ ಇನ್‌ಟೇಕ್ ಗಾಳಿ ಎಂದು ಹೆಸರು. ಈ ಗಾಳಿ ಸಿಲಿಂಡರನ್ನು ಸೇರುವ ಮೊದಲೇ ಅದನ್ನು ತಂಪುಗೊಳಿಸಿ ಸಾಂದ್ರತೆಯನ್ನು ಹೆಚ್ಚಿಸುವುದು, ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಶಕ್ತಿಯನ್ನು ಪಡೆಯುವ ಮುಖ್ಯ ವಿಧಾನಗಳಲ್ಲಿ ಒಂದು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಸಾಧನವಿದ್ದು ಹೆದ್ದಾರಿಯಲ್ಲಿ ಓಡುವ ಕಾರು, ಲಾರಿಗಳಲ್ಲಿಯೂ ಇಂಥ ಏರ್ಪಾಡು ಇದೆಯಾದರೂ ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುವ ಡ್ರ್ಯಾಗ್ ರೇಸಿಂಗ್‌ನಲ್ಲಿ ಅದು ಬೇರೆಯೇ ರೂಪ ತಾಳಿದೆ. ಗಂಟೆಗಟ್ಟಲೆ ಓಡಬೇಕಾದ ವಾಹನ ತನಗೆ ಬೇಕಾದ ತಂಪನ್ನು ಓಡುತ್ತಲೇ ಗಳಿಸಿಕೊಳ್ಳಬೇಕು, ಡ್ರ್ಯಾಗ್ ಕಾರಾದರೋ ಅದನ್ನು ಮೊದಲೇ ಕೂಡಿಟ್ಟುಕೊಂಡು ಬಂದು ಹತ್ತು ಸೆಕೆಂಡುಗಳಲ್ಲಿ ಖರ್ಚು ಮಾಡಿ ಮುಗಿಸಬಹುದು. ಮಂಜುಗಡ್ಡೆ ತುಂಬಿದ ತೊಟ್ಟಿ, ಮೆಥನಾಲ್, ನೈಟ್ರಸ್ ಆಕ್ಸೈಡ್ ಸಿಲಿಂಡರು ಇವೆಲ್ಲ ಈ ಕ್ರೀಡೆಯ ಸಾಮಾನ್ಯ ಸಲಕರಣೆಗಳಾಗಿ ಬೆಳೆದಿರುವುದಕ್ಕೆ ಈ ವ್ಯತ್ಯಾಸ ಒಂದು ಮುಖ್ಯ ಕಾರಣ.

ಪಂದ್ಯದ ಸ್ವರೂಪ

ಡ್ರ್ಯಾಗ್ ರೇಸಿಂಗ್‌ನಲ್ಲಿ ಎರಡು ವಾಹನಗಳು ಅಕ್ಕಪಕ್ಕದ ನೇರ ಪಥಗಳಲ್ಲಿ ನಿಂತ ಸ್ಥಿತಿಯಿಂದ ಹೊರಟು ಗುರಿಗೆರೆಯನ್ನು ಮೊದಲು ಮುಟ್ಟಲು ಪೈಪೋಟಿ ನಡೆಸುತ್ತವೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ, ವಿಶೇಷವಾಗಿ ದಕ್ಷಿಣ ಕ್ಯಾಲಿಫೋರ್ನಿಯದ ಬಳಕೆ ತಪ್ಪಿದ ವಿಮಾನ ಓಡುದಾರಿಗಳಲ್ಲಿ ಬೆಳೆದ ಈ ಪಂದ್ಯಕ್ಕೆ, ವಾಲಿ ಪಾರ್ಕ್ಸ್ 1951ರಲ್ಲಿ ಸ್ಥಾಪಿಸಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ನಿಯಮಗಳ ಚೌಕಟ್ಟನ್ನು ಒದಗಿಸಿತು. ಪಂದ್ಯದ ಸಾಂಪ್ರದಾಯಿಕ ದೂರ ಕಾಲು ಮೈಲಿ, ಎಂದರೆ 402 ಮೀಟರ್. ಅತಿವೇಗದ ಟಾಪ್ ಫ್ಯುಯಲ್ ಮತ್ತು ಫನ್ನಿ ಕಾರ್ ವರ್ಗಗಳಲ್ಲಿ ಮಾತ್ರ ಸುರಕ್ಷತೆಯ ದೃಷ್ಟಿಯಿಂದ 2008ರಿಂದ ಅದನ್ನು 1,000 ಅಡಿಗೆ, ಸುಮಾರು 305 ಮೀಟರಿಗೆ, ಇಳಿಸಲಾಗಿದೆ.

ಈ ದೂರವನ್ನು ಕ್ರಮಿಸಲು ಹಿಡಿಯುವ ಸಮಯ ಕಾರಿನ ತೂಕವನ್ನು ಎಂಜಿನ್ನಿನ ಶಕ್ತಿಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ಘನಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಅನುಭವದಿಂದ ಬಂದಿರುವ ಒಂದು ಸ್ಥೂಲ ಲೆಕ್ಕ. ಇದರ ಪ್ರಕಾರ ಶಕ್ತಿ ಶೇ. 3ರಷ್ಟು ಹೆಚ್ಚಿದರೆ ಸಮಯ ಶೇ. 1ರಷ್ಟು ಇಳಿಯುತ್ತದೆ. ಕಾಲು ಮೈಲಿಯನ್ನು 12 ಸೆಕೆಂಡುಗಳಲ್ಲಿ ಮುಗಿಸುವ ಕಾರಿಗೆ ಇದು 0.12 ಸೆಕೆಂಡಿನ ಲಾಭ. ಗುರಿಗೆರೆಯ ಬಳಿ ಅಂಥ ಕಾರು ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿರುವುದರಿಂದ ಇದು 6 ಮೀಟರ್ ಅಂತರಕ್ಕೆ, ಎಂದರೆ ಒಂದು ಕಾರಿನ ಉದ್ದಕ್ಕಿಂತ ಹೆಚ್ಚಿನ ಮುನ್ನಡೆಗೆ ಸಮ.

ಮೂಲತತ್ತ್ವ

ಎಂಜಿನ್ನಿನ ಶಕ್ತಿ ಅದು ಉರಿಸಬಲ್ಲ ಇಂಧನದ ಮೊತ್ತವನ್ನು ಅವಲಂಬಿಸಿದೆ; ಇಂಧನದ ಮೊತ್ತವಾದರೋ ಸಿಲಿಂಡರಿನಲ್ಲಿ ಸೇರಿರುವ ಆಮ್ಲಜನಕದ ರಾಶಿಯನ್ನು ಅವಲಂಬಿಸಿದೆ. ಪಿಸ್ಟನ್ ಒಂದು ಸಲ ಕೆಳಗಿಳಿದಾಗ ಒಳಗೆ ಬರುವ ಗಾಳಿಯ ಗಾತ್ರ ಹೆಚ್ಚುಕಡಿಮೆ ನಿಶ್ಚಿತವಾಗಿರುವುದರಿಂದ, ಆ ಗಾತ್ರದಲ್ಲಿ ಎಷ್ಟು ರಾಶಿ ಅಡಗಿದೆ ಎಂಬುದನ್ನು ಸಾಂದ್ರತೆ ತೀರ್ಮಾನಿಸುತ್ತದೆ. ಅನಿಲದ ಸಾಂದ್ರತೆ ಅದರ ಒತ್ತಡಕ್ಕೆ ನೇರ ಅನುಪಾತದಲ್ಲಿಯೂ, ಸೊನ್ನೆಯ ಕೆಳಗೆ 273 ಡಿಗ್ರಿ ಸೆಲ್ಸಿಯಸ್‌ನಿಂದ ಎಣಿಸುವ ನಿರಪೇಕ್ಷ ಉಷ್ಣತೆಗೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್‌ನ ಒಣ ಗಾಳಿ ಘನಮೀಟರಿಗೆ 1.225 ಕಿಲೋಗ್ರಾಂ ತೂಗಿದರೆ, ಬಾನೆಟ್ಟಿನ ಅಡಿಯಲ್ಲಿ 60 ಡಿಗ್ರಿಗೆ ಕಾದ ಗಾಳಿ 1.06 ಕಿಲೋಗ್ರಾಂ ಮಾತ್ರ ತೂಗುತ್ತದೆ. ಎಂದರೆ ಆಮ್ಲಜನಕದ ಸುಮಾರು ಎಂಟನೆಯ ಒಂದು ಭಾಗ ಎಂಜಿನ್ ಬಾಗಿಲಿನಲ್ಲಿಯೇ ನಷ್ಟವಾದಂತಾಯಿತು.

ಸಾಂದ್ರತೆಯ ಈ ಲಾಭವೆಲ್ಲ ಶಕ್ತಿಯಾಗಿ ಕೈಗೆ ಸಿಗುವುದಿಲ್ಲ. ತಣ್ಣನೆಯ ಗಾಳಿ ಬಿಸಿಯಾದ ಕೊಳವೆ, ಕವಾಟ ಮತ್ತು ಸಿಲಿಂಡರ್ ಗೋಡೆಗಳಿಂದ ಹೆಚ್ಚು ಶಾಖವನ್ನು ಹೀರಿಕೊಳ್ಳುವ ಕಾರಣ, ಟರ್ಬೊ ಇಲ್ಲದ ಎಂಜಿನ್ನುಗಳ ಪರೀಕ್ಷೆಗೆ ಅಮೆರಿಕದಲ್ಲಿ ಬಳಸುವ ಜೆ 1349 ಮಾನಕ ಶಕ್ತಿಯನ್ನು ನಿರಪೇಕ್ಷ ಉಷ್ಣತೆಯ ವರ್ಗಮೂಲಕ್ಕೆ ವಿಲೋಮವಾಗಿ ತಿದ್ದುತ್ತದೆ. ಗಾಳಿ 6 ಡಿಗ್ರಿ ತಂಪಾದರೆ ಶಕ್ತಿ ಶೇ. 1ರಷ್ಟು ಹೆಚ್ಚುತ್ತದೆ ಎಂಬ ಪಂದ್ಯಗಾರರ ಲೆಕ್ಕಕ್ಕೆ ಇದು ಹೊಂದುತ್ತದೆ.

ತಂಪಿನ ಎರಡನೆಯ ಪ್ರಯೋಜನ ನಾಕಿಂಗ್ ಎಂಬ ದೋಷವನ್ನು ತಡೆಯುವುದು. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ ಮತ್ತು ಶಾಖಕ್ಕೆ ತಾನಾಗಿ ಹೊತ್ತಿಕೊಂಡು ಸಿಡಿಯುವುದೇ ನಾಕಿಂಗ್. ಅದು ಬಲವಾಗಿದ್ದರೆ ಪಿಸ್ಟನ್ ತೂತಾಗುವುದುಂಟು. ಹತ್ತಕ್ಕೆ ಒಂದರ ಸಂಪೀಡನ ಅನುಪಾತವಿರುವ ಎಂಜಿನ್ನಿನಲ್ಲಿ ಒಳಗೆ ಬರುವಾಗ ಇದ್ದ ಒಂದೊಂದು ಡಿಗ್ರಿಯ ಹೆಚ್ಚಳ ಸಂಪೀಡನದ ಕೊನೆಯಲ್ಲಿ ಎರಡು ಡಿಗ್ರಿಗೂ ಮಿಕ್ಕಿ ಬೆಳೆದಿರುತ್ತದೆ. ಆದ್ದರಿಂದ ಗಾಳಿ ಬಿಸಿಯಾಗಿದೆ ಎಂದು ಉಷ್ಣತಾ ಸಂವೇದಕ ತಿಳಿಸಿದೊಡನೆ ಈಗಿನ ಎಂಜಿನ್ ನಿಯಂತ್ರಕ ಗಣಕಗಳು ಕಿಡಿಯನ್ನು ತಡವಾಗಿ ಹೊತ್ತಿಸಿ ಎಂಜಿನ್ನನ್ನು ಕಾಪಾಡುತ್ತವೆ. ಹಾಗೆ ಮಾಡುವಾಗ ಶಕ್ತಿ ಇನ್ನಷ್ಟು ಕುಗ್ಗುತ್ತದೆ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಇರುವ ಕಾರುಗಳಲ್ಲಿ ಸಾಂದ್ರತೆಯ ಲಾಭಕ್ಕಿಂತ ಈ ಎರಡನೆಯ ಲಾಭವೇ ಎಷ್ಟೋ ಸಲ ದೊಡ್ಡದು.

ಗಾಳಿ ಬಿಸಿಯಾಗುವ ಬಗೆ

ಗಾಳಿಗೆ ಶಾಖ ಎರಡು ಕಡೆಯಿಂದ ಸೇರುತ್ತದೆ. ಒಂದು, ಎಂಜಿನ್ನಿನ ಸುತ್ತಲಿನ ಬಿಸಿ. ಸರದಿಯ ಸಾಲಿನಲ್ಲಿ ನಿಂತ ಕಾರಿನ ರೇಡಿಯೇಟರ್, ಹೊಗೆ ಕೊಳವೆ ಮತ್ತು ಎಣ್ಣೆಯ ಶಾಖ ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಎಂದರೆ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಲೋಹದ ಕವಲುಗೊಳವೆಗೆ, ಮೆಲ್ಲಗೆ ಇಳಿಯುತ್ತದೆ. ಶಾಖ ಹೀಗೆ ಲೋಹದಲ್ಲಿ ಊರಿ ನಿಂತರೆ ಓಟ ಆರಂಭವಾದ ಮೇಲೆ ಎಷ್ಟೇ ತಣ್ಣನೆಯ ಗಾಳಿ ಬಂದರೂ ಆ ಹತ್ತು ಸೆಕೆಂಡುಗಳಲ್ಲಿ ಲೋಹ ತಣ್ಣಗಾಗುವುದಿಲ್ಲ.

ಇನ್ನೊಂದು, ಗಾಳಿಯನ್ನು ಒತ್ತುವುದರಿಂದಲೇ ಹುಟ್ಟುವ ಶಾಖ. ಟರ್ಬೊಚಾರ್ಜರ್ ಹೊಗೆಯ ರಭಸದಿಂದಲೂ ಸೂಪರ್‌ಚಾರ್ಜರ್ ಎಂಜಿನ್ನಿನ ಬೆಲ್ಟಿನಿಂದಲೂ ತಿರುಗಿ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುವ ಸಾಧನಗಳು. 27 ಡಿಗ್ರಿಯ ಗಾಳಿಯನ್ನು ಶೇ. 70ರ ದಕ್ಷತೆಯ ಯಂತ್ರ ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಅದರ ಉಷ್ಣತೆ ಸುಮಾರು 121 ಡಿಗ್ರಿಗೆ ಏರುತ್ತದೆ. ಒತ್ತಡ ಇಮ್ಮಡಿಯಾದರೂ ಸಾಂದ್ರತೆ ಒಂದೂವರೆ ಪಟ್ಟು ಮಾತ್ರ ಆಗುತ್ತದೆ. ಈ ಬಿಸಿಗಾಳಿಯನ್ನು 55 ಡಿಗ್ರಿಗೆ ಇಳಿಸಿದರೆ ಸಾಂದ್ರತೆ 1.8 ಪಟ್ಟಿಗೆ ಹತ್ತಿರವಾಗುತ್ತದೆ, ಮೊದಲಿನ 27 ಡಿಗ್ರಿಗೇ ಇಳಿಸಿದರೆ ಪೂರ್ತಿ ಇಮ್ಮಡಿಯಾಗುತ್ತದೆ.

ಹೊರಗಾಳಿಯನ್ನು ನೇರವಾಗಿ ತರುವುದು

ಅತ್ಯಂತ ಸರಳ ಉಪಾಯವೆಂದರೆ ಬಾನೆಟ್ಟಿನ ಒಳಗಿನ ಬಿಸಿಗಾಳಿಯ ಬದಲು ಹೊರಗಿನ ಗಾಳಿಯನ್ನು ಕೊಳವೆಯ ಮೂಲಕ ತರುವುದು. 1960ರ ದಶಕದಲ್ಲಿ ಅಮೆರಿಕದ ಕಾರು ಕಂಪನಿಗಳು ಡ್ರ್ಯಾಗ್ ಪಥದ ಗೆಲುವನ್ನೇ ಜಾಹೀರಾತಾಗಿ ಬಳಸುತ್ತಿದ್ದ ಕಾಲದಲ್ಲಿ ಇದರ ಹಲವು ಮಾದರಿಗಳು ಹೊರಬಂದವು. ಫೋರ್ಡ್ ಕಂಪನಿ 1964ರಲ್ಲಿ ಡ್ರ್ಯಾಗ್ ರೇಸಿಂಗ್‌ಗೆಂದೇ ಸುಮಾರು ನೂರು ಮಾತ್ರ ತಯಾರಿಸಿದ ಫೇರ್‌ಲೇನ್ ಥಂಡರ್‌ಬೋಲ್ಟ್ ಕಾರಿನಲ್ಲಿ ಮುಂಭಾಗದ ನಾಲ್ಕು ದೀಪಗಳ ಪೈಕಿ ಒಳಗಿನ ಎರಡನ್ನು ತೆಗೆದು, ಆ ತೂತುಗಳಿಗೆ ಜಾಲರಿ ಹೊದಿಸಿ, ಅಲ್ಲಿಂದ ದಪ್ಪ ಕೊಳವೆಗಳ ಮೂಲಕ 7 ಲೀಟರಿನ ಎಂಜಿನ್ನಿನಲ್ಲಿ ಗಾಳಿಗೆ ಇಂಧನ ಬೆರೆಸುವ ಕಾರ್ಬುರೇಟರುಗಳಿಗೆ ಗಾಳಿಯನ್ನು ಒಯ್ದಿದ್ದರು. ಪಾಂಟಿಯಾಕ್ ಕಂಪನಿಯ ರ‍್ಯಾಮ್ ಏರ್, ಷೆವ್ರೊಲೆ ಕಂಪನಿಯ ಕೌಲ್ ಇಂಡಕ್ಷನ್ ಇವು ಇದೇ ಉದ್ದೇಶದ ಬೇರೆ ಬೇರೆ ವಿನ್ಯಾಸಗಳು. ಎರಡನೆಯದು ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುವ ಜಾಗದಿಂದ ಗಾಳಿಯನ್ನು ಎಳೆಯುತ್ತಿತ್ತು.

ಕಾರಿನ ವೇಗದಿಂದ ಗಾಳಿ ತಾನಾಗಿ ಒತ್ತಿ ತುಂಬಿಕೊಳ್ಳುತ್ತದೆ ಎಂಬ ಅರ್ಥ ಇಂಥ ಹೆಸರುಗಳಲ್ಲಿ ಇದೆಯಾದರೂ ಆ ಲಾಭ ಚಿಕ್ಕದು. ಗಂಟೆಗೆ 216 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ವಾತಾವರಣದ ಒತ್ತಡದ ಶೇ. 2ನ್ನು ಸ್ವಲ್ಪವೇ ಮೀರುತ್ತದೆ, ಅದೂ ಓಟದ ಕೊನೆಗೆ ಮಾತ್ರ. ಹೊರಗಾಳಿ ತರುವ ಬಾಯಿ ನಿಜವಾಗಿ ಗಳಿಸಿಕೊಡುವುದು ಒಳಗಿನ ಬಿಸಿಗೂ ಹೊರಗಿನ ಬಿಸಿಗೂ ಇರುವ ಮೂವತ್ತು ನಲವತ್ತು ಡಿಗ್ರಿಗಳ ಅಂತರವನ್ನು. ಇದರ ಜೊತೆಗೆ ಕಾರ್ಬುರೇಟರಿನ ಅಡಿಯಲ್ಲಿ ಶಾಖ ಹಾಯದ ಬಿಲ್ಲೆಯನ್ನು ಇಡುವುದು, ಚಳಿಗಾಲದ ಅನುಕೂಲಕ್ಕೆಂದು ಹಳೆಯ ಎಂಜಿನ್ನುಗಳಲ್ಲಿ ಇರುತ್ತಿದ್ದ ಬಿಸಿಹೊಗೆಯ ಮಾರ್ಗವನ್ನು ಮುಚ್ಚುವುದು, ಹೊಗೆ ಕೊಳವೆಗಳಿಗೆ ಶಾಖನಿರೋಧಕ ಪಟ್ಟಿ ಸುತ್ತುವುದು ಮುಂತಾದ ಕ್ರಮಗಳೂ ಬಳಕೆಗೆ ಬಂದವು.

ಇಂಟರ್‌ಕೂಲರ್

ಒತ್ತುವ ಯಂತ್ರಕ್ಕೂ ಎಂಜಿನ್ನಿಗೂ ನಡುವೆ ನಿಂತು ಗಾಳಿಯ ಶಾಖವನ್ನು ಕಳೆಯುವ ಶಾಖವಿನಿಮಯಕಕ್ಕೆ ಇಂಟರ್‌ಕೂಲರ್ ಎಂದು ಹೆಸರು. ಇದು ವಿಮಾನಗಳಿಂದ ಕಾರಿಗೆ ಬಂದ ಸಾಧನ. ಎರಡನೆಯ ಮಹಾಯುದ್ಧದಲ್ಲಿ ರೋಲ್ಸ್‌-ರಾಯ್ಸ್ ಮರ್ಲಿನ್ ಎಂಜಿನ್ನಿನ 60ರ ಶ್ರೇಣಿ, ಎರಡು ಹಂತಗಳಲ್ಲಿ ಒತ್ತಿದ ಗಾಳಿಯನ್ನು ಹೀಗೆ ತಂಪುಗೊಳಿಸಿಯೇ ಅತಿ ಎತ್ತರದಲ್ಲಿ ಸ್ಪಿಟ್‌ಫೈರ್ ವಿಮಾನಕ್ಕೆ ಬಲ ತುಂಬಿತು. ಪೋರ್ಷೆ ಕಂಪನಿ ತನ್ನ 911 ಟರ್ಬೊ ಕಾರಿಗೆ 1978ರ ಮಾದರಿಯಲ್ಲಿ ಇದನ್ನು ಅಳವಡಿಸಿತು. ಅಮೆರಿಕದ ಬ್ಯುಯಿಕ್ ಕಂಪನಿಯ 3.8 ಲೀಟರ್ ವಿ6 ಟರ್ಬೊ ಎಂಜಿನ್ 1986ರಲ್ಲಿ ಇಂಟರ್‌ಕೂಲರ್ ಪಡೆದು, ಗ್ರ್ಯಾಂಡ್ ನ್ಯಾಷನಲ್ ಕಾರನ್ನು ಎಂಟು ಸಿಲಿಂಡರಿನ ಕಾರುಗಳ ಸಮಕ್ಕೆ ಡ್ರ್ಯಾಗ್ ಪಥದಲ್ಲಿ ನಿಲ್ಲಿಸಿತು.

ಗಾಳಿಯಿಂದ ಗಾಳಿಗೆ ಶಾಖವನ್ನು ದಾಟಿಸುವ ಇಂಟರ್‌ಕೂಲರ್ ಹಗುರ, ಸರಳ ಮತ್ತು ಅಗ್ಗ. ಆದರೆ ಅದು ಹೊರಗಿನ ಉಷ್ಣತೆಗಿಂತ ಕೆಳಕ್ಕೆ ಗಾಳಿಯನ್ನು ಇಳಿಸಲಾರದು, ಕಾರು ನಿಂತಿರುವಾಗ ಅದರ ಮೇಲೆ ಗಾಳಿ ಹಾಯುವುದೂ ಇಲ್ಲ. ಡ್ರ್ಯಾಗ್ ಓಟದ ಅತಿ ಮುಖ್ಯ ಗಳಿಗೆಯಾದ ಹೊರಡುವ ಕ್ಷಣದಲ್ಲಿ ಅದರ ಲೋಹದ ತಿರುಳಿನಲ್ಲಿ ಇರುವಷ್ಟೇ ತಂಪು ಅದರ ಬಂಡವಾಳ. ಅದಕ್ಕಾಗಿ ಓಟಕ್ಕೆ ಮುನ್ನ ತಿರುಳಿನ ಹೊರಮೈಗೆ ನೀರನ್ನಾಗಲಿ ಇಂಗಾಲದ ಡೈಆಕ್ಸೈಡನ್ನಾಗಲಿ ಸಿಂಪಡಿಸಿ ತಣಿಸುವ ಪದ್ಧತಿ ಇದೆ. ಸುಬರು ಕಂಪನಿಯ ಇಂಪ್ರೆಜಾ ಎಸ್‌ಟಿಐ ಕಾರುಗಳಲ್ಲಿ ನೀರು ಸಿಂಪಡಿಸುವ ಏರ್ಪಾಡು ಕಾರ್ಖಾನೆಯಿಂದಲೇ ಬರುತ್ತಿತ್ತು.

ಗಾಳಿಯಿಂದ ನೀರಿಗೆ ಶಾಖ ದಾಟಿಸುವ ಇಂಟರ್‌ಕೂಲರಿನಲ್ಲಿ ಪಂಪೊಂದು ತೊಟ್ಟಿಯ ನೀರನ್ನು ತಿರುಳಿನ ಮೂಲಕ ಸುತ್ತಿಸುತ್ತದೆ. ಬೀದಿಯ ಕಾರಿನಲ್ಲಿ ಆ ನೀರನ್ನು ಮತ್ತೆ ತಂಪುಮಾಡಲು ಇನ್ನೊಂದು ರೇಡಿಯೇಟರ್ ಬೇಕು. ಡ್ರ್ಯಾಗ್ ಕಾರಿನಲ್ಲಿ ಅದರ ಅಗತ್ಯವೇ ಇಲ್ಲ. 800 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಸೆಕೆಂಡಿಗೆ ಸುಮಾರು 0.6 ಕಿಲೋಗ್ರಾಂ ಗಾಳಿಯನ್ನು ಸೇವಿಸುತ್ತದೆ. ಅದನ್ನು 100 ಡಿಗ್ರಿ ತಂಪುಗೊಳಿಸಲು ಸುಮಾರು 60 ಕಿಲೋವ್ಯಾಟ್ ದರದಲ್ಲಿ ಶಾಖವನ್ನು ತೆಗೆಯಬೇಕು. ನಿರಂತರವಾಗಿ ಮಾಡುವುದಾದರೆ ಇದು ಭಾರಿ ಕೆಲಸ. ಹತ್ತು ಸೆಕೆಂಡುಗಳ ಓಟಕ್ಕಾದರೋ ಒಟ್ಟು ಶಾಖ 600 ಕಿಲೋಜೂಲ್ ಮಾತ್ರ. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಶಾಖವನ್ನು ಹೀರುವುದರಿಂದ ಎರಡು ಕಿಲೋಗ್ರಾಂಗಿಂತ ಕಡಿಮೆ ಮಂಜುಗಡ್ಡೆ ಇಷ್ಟು ಶಾಖವನ್ನು ನುಂಗಿಬಿಡುತ್ತದೆ. ಐಸ್ ಹಾಕಿದ ನೀರು ಸುತ್ತುತ್ತಿರುವ ಒಳ್ಳೆಯ ಇಂಟರ್‌ಕೂಲರ್, 121 ಡಿಗ್ರಿಯ ಗಾಳಿಯನ್ನು ಹೊರಗಿನ ಉಷ್ಣತೆಯ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತ ಕೆಳಕ್ಕೂ, ಇಳಿಸಬಲ್ಲದು. ಪಂದ್ಯದ ಮೈದಾನದಲ್ಲಿ ಸುತ್ತಿನಿಂದ ಸುತ್ತಿಗೆ ಐಸ್ ಚೀಲಗಳನ್ನು ಒಡೆದು ತೊಟ್ಟಿಗೆ ಸುರಿಯುವ ಕೆಲಸದ ಹಿಂದೆ ಇರುವ ಗಣಿತ ಇಷ್ಟೇ.

ಇಂಟರ್‌ಕೂಲರ್ ತನ್ನ ಬೆಲೆಯನ್ನೂ ವಸೂಲಿ ಮಾಡುತ್ತದೆ. ಗಾಳಿ ಅದರ ಸಂದಿಗಳಲ್ಲಿ ನುಸುಳುವಾಗ ಒತ್ತಡ ಕುಸಿಯುತ್ತದೆ, ಶೇ. 5ರಷ್ಟು ಒತ್ತಡ ಕಳೆದುಹೋದರೆ ಸಾಂದ್ರತೆಯೂ ಅಷ್ಟೇ ಪಾಲು ಕಡಿಮೆಯಾಗುತ್ತದೆ. ತಿರುಳು ದಪ್ಪವಾದಷ್ಟೂ ತಂಪು ಹೆಚ್ಚು, ತಡೆಯೂ ಹೆಚ್ಚು. ತೊಟ್ಟಿ, ನೀರು, ಪಂಪುಗಳ ತೂಕವೂ ಸೇರುವುದರಿಂದ ವಿನ್ಯಾಸಕಾರ ತಂಪು, ತಡೆ, ತೂಕ ಈ ಮೂರರ ನಡುವೆ ಹದ ಹುಡುಕಬೇಕಾಗುತ್ತದೆ.

ದ್ರವಗಳ ಆವೀಕರಣದಿಂದ ತಂಪು

ದ್ರವ ಆವಿಯಾಗುವಾಗ ಸುತ್ತಲಿನಿಂದ ಹೀರಿಕೊಳ್ಳುವ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಇದರಿಂದಲೇ. ಇಂಧನವೇ ಗಾಳಿಯಲ್ಲಿ ಆವಿಯಾಗುವಂತೆ ಮಾಡಿದರೆ ಬೇರೆ ಉಪಕರಣವಿಲ್ಲದೆ ಗಾಳಿ ತಂಪಾಗುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲ್ ಆವಿಯಾಗಲು ಸುಮಾರು 350 ಕಿಲೋಜೂಲ್ ಸಾಕು, ಮೆಥನಾಲಿಗೆ ಸುಮಾರು 1,100 ಕಿಲೋಜೂಲ್ ಬೇಕು. ಅಲ್ಲದೆ ಒಂದು ಕಿಲೋಗ್ರಾಂ ಪೆಟ್ರೋಲ್ ಉರಿಯಲು 14.7 ಕಿಲೋಗ್ರಾಂ ಗಾಳಿ ಬೇಕಾದರೆ ಅಷ್ಟೇ ಮೆಥನಾಲಿಗೆ ಸುಮಾರು 6.5 ಕಿಲೋಗ್ರಾಂ ಸಾಕಾಗುವುದರಿಂದ, ಅದೇ ಗಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ಇಂಧನವನ್ನು ಬೆರೆಸಬೇಕಾಗುತ್ತದೆ. ಎರಡನ್ನೂ ಸೇರಿಸಿ ನೋಡಿದರೆ ಒಂದು ಕಿಲೋಗ್ರಾಂ ಗಾಳಿಯಿಂದ ಮೆಥನಾಲ್ ಹೀರಬಲ್ಲ ಶಾಖ ಪೆಟ್ರೋಲ್ ಹೀರುವುದರ ಏಳು ಪಟ್ಟು. ಮೆಥನಾಲ್ ಬಳಸುವ ಡ್ರ್ಯಾಗ್ ಕಾರುಗಳ ಮ್ಯಾನಿಫೋಲ್ಡಿನ ಮೇಲೆ ಬಿಸಿಲಿನಲ್ಲಿಯೂ ಇಬ್ಬನಿ ಕಟ್ಟುವುದು ಇದಕ್ಕೆ ಸಾಕ್ಷಿ.

ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಗಾಳಿಗೆ ಸಿಂಪಡಿಸುವ ಪದ್ಧತಿಗೂ ಯುದ್ಧವಿಮಾನಗಳೇ ಮೂಲ. ಜರ್ಮನಿಯ ವಾಯುಪಡೆ ಎಂಡಬ್ಲ್ಯು 50 ಎಂಬ ಹೆಸರಿನ ಅರ್ಧ ನೀರು, ಅರ್ಧ ಮೆಥನಾಲಿನ ಮಿಶ್ರಣವನ್ನು ಬಳಸಿತು. ಅಮೆರಿಕದ ಪಿ-47 ಥಂಡರ್‌ಬೋಲ್ಟ್ ವಿಮಾನದಲ್ಲಿಯೂ ನೀರು ಸಿಂಪಡಿಸುವ ವ್ಯವಸ್ಥೆ ಇತ್ತು. ಓಲ್ಡ್ಸ್‌ಮೊಬೈಲ್ ಕಂಪನಿ 1962ರಲ್ಲಿ ಹೊರತಂದ ಜೆಟ್‌ಫೈರ್ ಎಂಬ ಟರ್ಬೊ ಕಾರು ಇಂಟರ್‌ಕೂಲರ್ ಇಲ್ಲದೆಯೇ 10.25ರ ಸಂಪೀಡನ ಅನುಪಾತವನ್ನು ತಾಳಿಕೊಂಡದ್ದು ಟರ್ಬೊ ರಾಕೆಟ್ ಫ್ಲೂಯಿಡ್ ಎಂದು ಹೆಸರಿಟ್ಟ ಇಂಥದೇ ಮಿಶ್ರಣದ ಬಲದಿಂದ. ಅದರ ತೊಟ್ಟಿಯನ್ನು ತುಂಬಿಸಲು ಮಾಲೀಕರು ಮರೆಯುತ್ತಿದ್ದುದು ಆ ಕಾರಿನ ಅಲ್ಪಾಯುಷ್ಯಕ್ಕೆ ಒಂದು ಕಾರಣವಾಯಿತು. ಡ್ರ್ಯಾಗ್ ಪಂದ್ಯದಲ್ಲಿ ಪ್ರತಿ ಸುತ್ತಿಗೂ ಮುನ್ನ ತೊಟ್ಟಿಯನ್ನು ನೋಡುವ ಕೈಗಳು ಇರುವುದರಿಂದ ಈ ಪದ್ಧತಿ ಅಲ್ಲಿ ಉಳಿದುಕೊಂಡಿದೆ.

ನೈಟ್ರಸ್ ಆಕ್ಸೈಡ್ ತಂಪನ್ನೂ ಆಮ್ಲಜನಕವನ್ನೂ ಒಟ್ಟಿಗೆ ತರುವ ವಸ್ತು. ಒತ್ತಡದ ಸಿಲಿಂಡರಿನಲ್ಲಿ ದ್ರವರೂಪದಲ್ಲಿರುವ ಅದು ಹೊರಬಿದ್ದೊಡನೆ ಸೊನ್ನೆಗಿಂತ 88 ಡಿಗ್ರಿ ಕೆಳಗೆ ಕುದಿದು ಆವಿಯಾಗಿ ಸುತ್ತಲಿನ ಗಾಳಿಯನ್ನು ಕೊರೆಯುವಂತೆ ತಣಿಸುತ್ತದೆ. ಅನಂತರ ಸಿಲಿಂಡರಿನ ಶಾಖಕ್ಕೆ ವಿಭಜನೆಗೊಂಡು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಅದರ ತೂಕದಲ್ಲಿ ಶೇ. 36ರಷ್ಟು ಆಮ್ಲಜನಕವಿದೆ, ಗಾಳಿಯಲ್ಲಿ ಇರುವುದು ಶೇ. 23. ಟಾಪ್ ಫ್ಯುಯಲ್ ವರ್ಗದ ಕಾರುಗಳಲ್ಲಿ ಭಾರಿ ಸೂಪರ್‌ಚಾರ್ಜರ್ ಇದ್ದರೂ ಇಂಟರ್‌ಕೂಲರ್ ಇಲ್ಲ, ಶೇ. 90ರಷ್ಟು ನೈಟ್ರೊಮೀಥೇನ್ ಇರುವ ಇಂಧನ ಧಾರಾಕಾರವಾಗಿ ಸುರಿಯುವಾಗ ಅದೇ ಗಾಳಿಯನ್ನು ತಣಿಸುತ್ತದೆ.

ಶೀತಕ ಯಂತ್ರದ ಬಳಕೆ

ಕಾರಿನ ಹವಾನಿಯಂತ್ರಣ ಯಂತ್ರದ ತಂಪನ್ನೇ ಎಂಜಿನ್ನಿಗೆ ತಿರುಗಿಸುವ ಉಪಾಯ ಕಾರ್ಖಾನೆಯ ಕಾರಿನಲ್ಲಿ ಹೆಸರು ಮಾಡಿದ್ದು 2017ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಅನಾವರಣಗೊಂಡ ಡಾಡ್ಜ್ ಚಾಲೆಂಜರ್ ಡೀಮನ್‌ನಿಂದ. ಇದರ 6.2 ಲೀಟರ್ ಸೂಪರ್‌ಚಾರ್ಜ್ಡ್ ವಿ8 ಎಂಜಿನ್ ಸಾಮಾನ್ಯ ಪೆಟ್ರೋಲಿನಲ್ಲಿ 808, ಹೆಚ್ಚಿನ ಆಕ್ಟೇನಿನ ರೇಸಿಂಗ್ ಪೆಟ್ರೋಲಿನಲ್ಲಿ 840 ಅಶ್ವಶಕ್ತಿ ನೀಡುತ್ತಿತ್ತು. ಚಾಲಕ ಡ್ರ್ಯಾಗ್ ವಿಧಾನವನ್ನು ಆರಿಸಿಕೊಂಡಾಗ ಶೀತಕ ದ್ರವ ಕಾರಿನ ಒಳಾಂಗಣಕ್ಕೆ ಹೋಗುವುದನ್ನು ಬಿಟ್ಟು ಇಂಟರ್‌ಕೂಲರಿನ ನೀರನ್ನು ತಣಿಸುವ ಘಟಕಕ್ಕೆ ಹರಿಯುತ್ತಿತ್ತು. ಎಂಜಿನ್ ಆರಿಸಿದ ಮೇಲೆಯೂ ಪಂಪು, ಫ್ಯಾನುಗಳು ಓಡುತ್ತಾ ಮುಂದಿನ ಸುತ್ತಿಗೆ ಇಂಟರ್‌ಕೂಲರನ್ನು ಸಿದ್ಧಗೊಳಿಸುತ್ತಿದ್ದವು. ಈ ಕಾರು ಕಾಲು ಮೈಲಿಯನ್ನು 9.65 ಸೆಕೆಂಡುಗಳಲ್ಲಿ ಮುಗಿಸಿತು. 2023ರ ಡೀಮನ್ 170 ಮಾದರಿಯಲ್ಲಿ ಇ85 ಎಂಬ ಎಥನಾಲ್ ಪ್ರಧಾನ ಇಂಧನದಿಂದ 1,025 ಅಶ್ವಶಕ್ತಿ ದೊರೆತು ಸಮಯ 8.91 ಸೆಕೆಂಡಿಗೆ ಇಳಿಯಿತು. ಎಥನಾಲಿನ ದೊಡ್ಡ ಗುಪ್ತೋಷ್ಣವೂ ಇದಕ್ಕೆ ನೆರವಾಯಿತು.

ಮೈದಾನದ ಅಭ್ಯಾಸಗಳು ಮತ್ತು ಮಿತಿಗಳು

ಸುತ್ತುಗಳ ನಡುವೆ ಬಾನೆಟ್ ತೆರೆದಿಡುವುದು, ಕಾರನ್ನು ಸಾಲಿನಲ್ಲಿ ಎಂಜಿನ್ ಹಚ್ಚದೆ ತಳ್ಳಿಕೊಂಡು ಹೋಗುವುದು, ಮ್ಯಾನಿಫೋಲ್ಡಿನ ಮೇಲೆ ಐಸ್ ಚೀಲ ಇಡುವುದು ಇವು ಖರ್ಚಿಲ್ಲದ ಉಪಾಯಗಳು. ಪೆಟ್ರೋಲಿನ ಕೊಳವೆಯನ್ನು ಸುರುಳಿ ಸುತ್ತಿ ಐಸ್ ಅಥವಾ ಡ್ರೈ ಐಸ್ ತುಂಬಿದ ಡಬ್ಬಿಯೊಳಗೆ ಹಾಯಿಸುವ ಕೂಲ್ ಕ್ಯಾನ್ ಕಾರ್ಬುರೇಟರ್ ಕಾಲದ ಸಾಧನ. ಅದು ಗಾಳಿಯನ್ನು ತಣಿಸುವುದಕ್ಕಿಂತ ಹೆಚ್ಚಾಗಿ ಪೆಟ್ರೋಲ್ ಕೊಳವೆಯಲ್ಲಿಯೇ ಕುದಿದು ಹರಿವು ಕಡಿಯದಂತೆ ನೋಡಿಕೊಳ್ಳುತ್ತದೆ.

ಗಾಳಿ ಸಾಂದ್ರವಾದಾಗ ಇಂಧನವನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ನಿಗೆ ಅಪಾಯ ಒದಗುತ್ತದೆ. ಕಾರ್ಬುರೇಟರ್ ಇರುವವರು ಆಗ ಹೆಚ್ಚು ಇಂಧನ ಹಾಯಿಸುವ ದೊಡ್ಡ ಜೆಟ್ಟುಗಳನ್ನು ಹಾಕಿಕೊಳ್ಳುತ್ತಾರೆ. ಕರಗಿದ ನೀರು ಪಥದ ಮೇಲೆ ಸೋರಿದರೆ ಹಿಂದಿನ ಚಕ್ರಗಳು ಜಾರುವ ಸಂಭವ ಇರುವುದರಿಂದ ತೊಟ್ಟಿಗಳು ಭದ್ರವಾಗಿರಬೇಕು. ತಾನು ಮುಂಚಿತವಾಗಿ ಘೋಷಿಸಿದ ಸಮಯಕ್ಕೆ ಆದಷ್ಟು ಹತ್ತಿರವಾಗಿ, ಆದರೆ ಅದಕ್ಕಿಂತ ಬೇಗ ಅಲ್ಲದೆ, ಓಟ ಮುಗಿಸಬೇಕಾದ ಬ್ರ್ಯಾಕೆಟ್ ರೇಸಿಂಗ್‌ನಲ್ಲಂತೂ ಅತಿ ತಂಪಿಗಿಂತ ಪ್ರತಿ ಸುತ್ತಿನಲ್ಲಿಯೂ ಒಂದೇ ತೆರನಾದ ತಂಪು ಮುಖ್ಯ.

ಎತ್ತರ ಮತ್ತು ಹವೆ

ಪಂದ್ಯದ ಸ್ಥಳದ ಎತ್ತರ, ಉಷ್ಣತೆ, ಆರ್ದ್ರತೆಗಳನ್ನು ಸೇರಿಸಿ, ಅಲ್ಲಿನ ಗಾಳಿ ಎಷ್ಟು ಎತ್ತರದ ಮಾನಕ ಗಾಳಿಗೆ ಸಮ ಎಂದು ಹೇಳುವ ಸಂಖ್ಯೆಗೆ ಸಾಂದ್ರತಾ ಎತ್ತರ ಎಂದು ಹೆಸರು. ಡೆನ್ವರ್ ನಗರದ ಬಳಿ ಸುಮಾರು 1,770 ಮೀಟರ್ ಎತ್ತರದಲ್ಲಿ ಇದ್ದು 2023ರಲ್ಲಿ ಮುಚ್ಚಿದ ಬ್ಯಾಂಡಿಮಿಯರ್ ಪಥದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಐದನೆಯ ಒಂದು ಭಾಗದಷ್ಟು ಕಡಿಮೆ ಇರುತ್ತಿದ್ದುದರಿಂದ ಟರ್ಬೊ ಇಲ್ಲದ ಕಾರುಗಳು ಅಲ್ಲಿ ಎದ್ದುಕಾಣುವಷ್ಟು ನಿಧಾನವಾಗುತ್ತಿದ್ದವು. ಒತ್ತಡದ ಈ ಕೊರತೆಯನ್ನು ತಂಪು ಎಷ್ಟರಮಟ್ಟಿಗೆ ತುಂಬಬಲ್ಲದು ಎಂಬುದಕ್ಕೆ ದಕ್ಷಿಣ ಭಾರತದ ಎರಡು ನಗರಗಳ ಒಣ ಗಾಳಿಯ ಲೆಕ್ಕ ಒಳ್ಳೆಯ ಉದಾಹರಣೆ. ಸಮುದ್ರತೀರದ ಚೆನ್ನೈಯಲ್ಲಿ 35 ಡಿಗ್ರಿಯ ಗಾಳಿ ಘನಮೀಟರಿಗೆ ಸುಮಾರು 1.15 ಕಿಲೋಗ್ರಾಂ ತೂಗಿದರೆ, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 25 ಡಿಗ್ರಿಯ ಗಾಳಿ ಹತ್ತು ಡಿಗ್ರಿ ತಂಪಾಗಿದ್ದೂ 1.06 ಕಿಲೋಗ್ರಾಂ ಮಾತ್ರ ತೂಗುತ್ತದೆ. ಚೆನ್ನೈಯ ಬಿಸಿಗಾಳಿಗೆ ಸಮನಾಗಬೇಕಾದರೆ ಬೆಂಗಳೂರಿನ ಗಾಳಿಯನ್ನು ಸುಮಾರು 3 ಡಿಗ್ರಿಗೆ ಇಳಿಸಬೇಕಾಗುತ್ತದೆ.